ಚಿಟ್ಟೆಗೆ ಹೂವಷ್ಟೇ ಸಾಲದು

ಬಯಲುಸೀಮೆಯ ಗೋಮಾಳ, ಕೆರೆಯಂಗಳ, ಹೊಲದ ಬದುಗಳಲ್ಲಿ ಮಳೆ ಬಿದ್ದ ಮೇಲೆ ಅರಳುವ ಹೂಗಳನ್ನು ಯಾರೂ ಬಿತ್ತಿದ್ದಲ್ಲ. ಆ ಹೂಗಳ ಬಗ್ಗೆ, ಅವುಗಳ ಸುತ್ತ ಹಾರುವ ಚಿಟ್ಟೆಗಳ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳು ಎರಡಕ್ಕೂ ಕುತ್ತು ತರುತ್ತಿವೆ.

ತಪ್ಪು ಕಲ್ಪನೆ: ಹೂಗಿಡ ನೆಟ್ಟರೆ ಸಾಕು, ಚಿಟ್ಟೆಗಳು ಹೆಚ್ಚುತ್ತವೆ.

ಸತ್ಯ: ಮಕರಂದ ಬೇಕಿರುವುದು ರೆಕ್ಕೆ ಬಂದ ಚಿಟ್ಟೆಗೆ. ಅದರ ಮರಿಹುಳುವಿಗೆ ಬೇಕಾದದ್ದು ಎಲೆ, ಅದೂ ಸಿಕ್ಕಸಿಕ್ಕ ಎಲೆಯಲ್ಲ. ದನಕರು ಬಾಯಿ ಹಾಕದ ಎಕ್ಕದ ಎಲೆಯೇ ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ ಊಟ. ತಗಚೆ ಗಿಡ ಗ್ರಾಸ್ ಯೆಲ್ಲೋ ಎಂಬ ಪುಟ್ಟ ಹಳದಿ ಚಿಟ್ಟೆಗೆ ಬೇಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ ಬೇಕು. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆಯ ರುಚಿ ನೋಡಿ, ಇದೇ ಗಿಡ ಎಂದು ಖಾತ್ರಿಯಾದ ಮೇಲೆ ಮೊಟ್ಟೆಯಿಡುತ್ತದೆ. ಲಂಟಾನದ ಹೂವಿಗೆ ಚಿಟ್ಟೆಗಳು ಮುತ್ತಿಕೊಳ್ಳುವುದು ನಿಜ. ಆದರೆ ನಮ್ಮ ಚಿಟ್ಟೆಗಳ ಮರಿಗಳಿಗೆ ಅದರ ಎಲೆ ಆಹಾರವಲ್ಲ. ಮೇಲಾಗಿ ಅದು ಹಬ್ಬಿದ ಕಡೆ ಮರಿಗಳಿಗೆ ಬೇಕಾದ ಗಿಡಗಳೇ ಉಳಿಯುವುದು ಕಷ್ಟ.

ತಪ್ಪು ಕಲ್ಪನೆ: ಕಂಬಳಿಹುಳುವೇ ಚಿಟ್ಟೆಯಾಗುವುದು.

ಸತ್ಯ: ಮುಟ್ಟಿದರೆ ಮೈ ತುರಿಸುವ, ದಟ್ಟ ರೋಮದ ಕಂಬಳಿಹುಳುಗಳು ಬಹುಪಾಲು ಪತಂಗದ ಮರಿಗಳು. ಕರಿಬೇವು, ನಿಂಬೆ ಗಿಡಗಳಲ್ಲಿ ಕಾಣುವ ನುಣುಪು ಮೈಯ ಹಸಿರು ಹುಳು ಚಿಟ್ಟೆಯ ಮರಿ. ಹುಲ್ಲಿನ ನಡುವೆ ಹಾರುವ ಪುಟ್ಟ ನೀಲಿ ಚಿಟ್ಟೆಗಳಲ್ಲಿ ಹಲವಕ್ಕೆ ಇರುವೆಗಳ ಕಾವಲಿದೆ: ಮರಿಹುಳು ಒಸರುವ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ಹುಳು ಕಂಡೊಡನೆ ಔಷಧಿ ಹೊಡೆದರೆ ಈ ನಂಟೆಲ್ಲ ಒಮ್ಮೆಲೇ ಕಡಿದುಹೋಗುತ್ತದೆ.

ತಪ್ಪು ಕಲ್ಪನೆ: ಚಿಟ್ಟೆಯ ಬದುಕು ಒಂದೇ ದಿನದ್ದು.

ಸತ್ಯ: ಹೆಚ್ಚಿನ ಚಿಟ್ಟೆಗಳು ರೆಕ್ಕೆ ಬಂದ ಮೇಲೆ ಕೆಲವು ವಾರ ಬದುಕುತ್ತವೆ. ಬ್ಲೂ ಟೈಗರ್‌ನಂಥವು ತಿಂಗಳುಗಟ್ಟಲೆ ಬಾಳುತ್ತವೆ. ಮುಂಗಾರಿಗೆ ಮುಂಚೆ ಅವು ಪಶ್ಚಿಮಘಟ್ಟದಿಂದ ಗುಂಪುಗುಂಪಾಗಿ ಪೂರ್ವದ ಬಯಲಿಗೆ ವಲಸೆ ಬರುತ್ತವೆ. ಗಿಜಿಗಿಜಿ ಗಿಡ ಒಣಗಿದಾಗ ಗಂಡು ಬ್ಲೂ ಟೈಗರ್‌ಗಳು ಅದಕ್ಕೆ ಮುತ್ತಿಕೊಂಡು ರಸ ಹೀರುವುದನ್ನು ನೋಡಬಹುದು. ಹೆಣ್ಣನ್ನು ಸೆಳೆಯುವ ಗಂಧ ತಯಾರಾಗುವುದು ಆ ರಸದಲ್ಲಿರುವ ರಾಸಾಯನಿಕದಿಂದಲೇ. ನಮಗೆ ಕಸವಾಗಿ ಕಾಣುವ ಒಣಗಿಡವೂ ಅವುಗಳ ಸಂತಾನಕ್ಕೆ ಆಧಾರ.

ತಪ್ಪು ಕಲ್ಪನೆ: ಹುಲ್ಲುಗಾವಲು ಪಾಳುಭೂಮಿ. ಮರ ನೆಟ್ಟರೆ ಪ್ರಕೃತಿ ಉಳಿದೀತು.

ಸತ್ಯ: ನಾಲ್ಕರಲ್ಲಿ ಹೆಚ್ಚು ಹಾನಿ ಮಾಡುತ್ತಿರುವ ನಂಬಿಕೆ ಇದೇ. ಈವ್ನಿಂಗ್ ಬ್ರೌನ್, ಬುಷ್‌ಬ್ರೌನ್ ಚಿಟ್ಟೆಗಳ ಮರಿಗಳು ಹುಲ್ಲನ್ನೇ ತಿನ್ನುತ್ತವೆ. ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲೊಂದಾದ ಗ್ರಾಸ್ ಜ್ಯುವೆಲ್ ನೆಲಕ್ಕೆ ಅಂಟಿದಂತೆ ಹಾರುತ್ತ ಸಣ್ಣಪುಟ್ಟ ಹೂಗಳ ಮೇಲೆ ಬದುಕುತ್ತದೆ. ಈ ಹುಲ್ಲು, ಹೂಗಿಡಗಳಿಗೆ ಬಿಸಿಲು ಬೇಕು. ಅಕೇಶಿಯಾ, ನೀಲಗಿರಿ ನೆಟ್ಟು ನೆರಳು ಕವಿಸಿದರೆ ಮೊದಲು ಹೂಗಳು, ಅವುಗಳ ಹಿಂದೆಯೇ ಚಿಟ್ಟೆಗಳು ಮರೆಯಾಗುತ್ತವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಬೇಕೆಂದು ನಿಸರ್ಗಪ್ರಿಯರು ವರ್ಷಗಳ ಕಾಲ ದನಿಯೆತ್ತಿದ್ದು ಇಂಥ ಕಾರಣಗಳಿಗಾಗಿಯೇ.

ಚಿಟ್ಟೆ ಉಳಿಯಬೇಕೆಂದರೆ ನಾವು ಮಾಡಬೇಕಾದದ್ದಕ್ಕಿಂತ ಮಾಡದೆ ಬಿಡಬೇಕಾದದ್ದೇ ಹೆಚ್ಚು. ಬದುವಿಗೆ ಕಳೆನಾಶಕ ಬೇಡ. ಶಾಲೆಯ ಮೈದಾನದ ಒಂದು ಅಂಚಿನಲ್ಲಿ ಹುಲ್ಲು, ಎಕ್ಕ, ತಗಚೆ ಬೀಜವಾಗುವವರೆಗೆ ನಿಲ್ಲಲಿ. ಸಸಿ ನೆಡಲು ಗುಂಡಿ ತೋಡುವ ಮೊದಲು ಆ ನೆಲ ಹಿಂದೆಯೂ ಬಯಲಾಗಿತ್ತೇ ಎಂದು ಊರಿನ ಕುರಿಗಾಹಿಗಳನ್ನು ಕೇಳಿ. ಹೌದು ಎಂದರೆ, ಸಸಿಗೆ ಬೇರೆ ಜಾಗ ಹುಡುಕಿ.