ಥಾಣೆಯ ಕವಿ, ವೇಲ್ಸಿನ ಕವಿ

ಬಂಗಾಳಿಯಲ್ಲಿ ಆನೆ ಎಂದರೆ ಹಾತಿ, ತಿಮಿಂಗಿಲ ಎಂದರೆ ತಿಮಿ. ಮೊದಲನೆಯದರ ಬಾಲಕ್ಕೆ ಎರಡನೆಯದರ ತಲೆ ಸಲೀಸಾಗಿ ಅಂಟಿಕೊಂಡು 'ಹಾತಿಮಿ' ಎಂಬ ಹೊಸ ಪ್ರಾಣಿ ಹುಟ್ಟುತ್ತದೆ. ಕಾಡಿಗೆ ಹೋಗಲೋ ಕಡಲಿಗೆ ಇಳಿಯಲೋ ತಿಳಿಯದೆ ಒದ್ದಾಡುವ ಪ್ರಾಣಿ ಅದು. ಅದನ್ನು ಸೃಷ್ಟಿಸಿದವರು ಸುಕುಮಾರ ರಾಯ್, ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಅವರ ತಂದೆ. 1923ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳ ಬಳಿಕ ಹೊರಬಂದ 'ಆಬೋಲ್ ತಾಬೋಲ್' ಎಂಬ ಪುಸ್ತಕದಲ್ಲಿ ಇಂಥ ಪ್ರಾಣಿಗಳು ತುಂಬಿವೆ. ಬಂಗಾಳಿ ಮನೆಗಳಲ್ಲಿ ಮಕ್ಕಳು ಅವನ್ನು ಬಾಯಿಪಾಠ ಹೇಳುತ್ತಲೇ ಬೆಳೆಯುತ್ತಾರೆ.

ಹಾತಿಮಿಯನ್ನು ಕನ್ನಡಕ್ಕೆ ತರಲು ಹೊರಟರೆ ಕಷ್ಟ ಅರ್ಥವಾಗುತ್ತದೆ. 'ಆನೆಮಿಂಗಿಲ' ಎಂದರೆ ಹೊಲಿಗೆ ಎದ್ದು ಕಾಣುತ್ತದೆ. ಪ್ರಾಣಿಗಳನ್ನೇ ಬದಲಿಸಿ ಆಮೆಗೂ ಮೇಕೆಗೂ ಗಂಟು ಹಾಕಿದರೆ 'ಆಮೇಕೆ' ಎಂದು ಚೆನ್ನಾಗಿ ಕೂಡುತ್ತದೆ. ಆದರೆ ಆಗ ಕಾಡೂ ಹೋಯಿತು, ಕಡಲೂ ಹೋಯಿತು. ಮೇಕೆಗೆ ಬೇಲಿ ಹಾರುವ ಆಸೆ, ಆಮೆಗೆ ಚಿಪ್ಪಿನೊಳಗೆ ಸೇರಿಕೊಳ್ಳುವ ಆಸೆ ಎಂದು ಪದ್ಯವನ್ನು ಮೊದಲಿನಿಂದ ಕಟ್ಟಬೇಕು. ನಿಘಂಟು ಇಲ್ಲಿ ಕೈಕೊಡುತ್ತದೆ. ಈ ಕೆಲಸಕ್ಕೆ ಕವಿಯೇ ಬೇಕು.

ಸುಕುಮಾರ ರಾಯರನ್ನು ಇಂಗ್ಲಿಷಿಗೆ ತಂದ ಕವಿಗಳಲ್ಲಿ ಒಬ್ಬರು ನಮ್ಮ ಥಾಣೆಯಲ್ಲಿ ನೆಲೆಸಿದ ಸಂಪೂರ್ಣಾ ಚಟರ್ಜಿ. 2004ರಲ್ಲಿ ಪಫಿನ್ ಪ್ರಕಾಶನದಿಂದ ಬಂದ ಅವರ ಅನುವಾದ ಆಮೇಲೆ 'ವರ್ಡಿಗರ್ಡಿಬೂಮ್!' ಎಂಬ ಹೊಸ ಹೆಸರಿನಲ್ಲಿ ಮತ್ತೆ ಅಚ್ಚಾಯಿತು. ಹೆಸರಿನಲ್ಲೇ ಅವರ ವಿಧಾನವಿದೆ. 'ಆಬೋಲ್ ತಾಬೋಲ್' ಎಂದರೆ ಅಸಂಬದ್ಧ ಬಡಬಡಿಕೆ. ಆ ಅರ್ಥವನ್ನು ಹೇಳುವ ಇಂಗ್ಲಿಷ್ ಪದಗಳು ಬೇಕಾದಷ್ಟಿವೆ. ಅವರು ಅವುಗಳ ಗೋಜಿಗೆ ಹೋಗದೆ, ಎಲ್ಲೂ ಇಲ್ಲದ, ಕೇಳಿದ ಕೂಡಲೇ ಮಗು ನಗುವ ಒಂದು ಸದ್ದನ್ನು ಹುಟ್ಟಿಸಿದರು.

ಅವರು ಹುಟ್ಟಿದ್ದು 1970ರಲ್ಲಿ, ಇಥಿಯೋಪಿಯಾದ ದೆಸ್ಸೀ ಎಂಬ ಊರಿನಲ್ಲಿ. ಬೆಳೆದದ್ದು ಡಾರ್ಜಿಲಿಂಗ್‌ನಲ್ಲಿ, ಪದವಿ ಪಡೆದದ್ದು ದೆಹಲಿಯಲ್ಲಿ. ಕೆಲವು ವರ್ಷ ಜಾಹೀರಾತು ಕ್ಷೇತ್ರದಲ್ಲಿ ದುಡಿದು, ಆಮೇಲೆ ಪೂರ್ತಿ ಬರವಣಿಗೆಗೆ ಇಳಿದರು. ಮನೆಮಾತು ಬಂಗಾಳಿ, ಬರೆಯುವುದು ಇಂಗ್ಲಿಷಿನಲ್ಲಿ, ಬೀದಿಗೆ ಇಳಿದರೆ ಮರಾಠಿ, ಹಿಂದಿ. ಡೊಂಬಿವಲಿ, ಕಲ್ಯಾಣ, ವಾಶಿಯ ಕನ್ನಡ ಮನೆಗಳಿಗೆ ಈ ಪರಿಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಭಾಜಿವಾಲನ ಹತ್ತಿರ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್ ಎನ್ನುವುದು ಇಲ್ಲಿನ ದಿನಚರಿ. ಮೂರು ಭಾಷೆಗಳಲ್ಲಿ ದಿನ ದೂಡುವವರು ಲಕ್ಷಾಂತರ ಮಂದಿ ಇದ್ದಾರೆ. ಆ ಓಡಾಟವನ್ನೇ ವೃತ್ತಿಯಾಗಿ, ಕಲೆಯಾಗಿ ಬೆಳೆಸಿಕೊಂಡವರು ಬಹಳ ಕಡಿಮೆ.

ಅವರ ಕವನ ಸಂಕಲನ 'ಸೈಟ್ ಮೇ ಸ್ಟ್ರೈಕ್ ಯೂ ಬ್ಲೈಂಡ್' 2007ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟವಾಯಿತು. 2010ರಲ್ಲಿ 'ಆಬ್ಸೆಂಟ್ ಮ್ಯೂಸಸ್' ಬಂತು. ನಡುವೆ ಮಕ್ಕಳಿಗಾಗಿ 'ದಿ ಫ್ರೈಡ್ ಫ್ರಾಗ್' ಎಂಬ ತಿಂಡಿತೀರ್ಥದ ತಮಾಷೆ ಪದ್ಯಗಳು, ಎರಡು ಕಾದಂಬರಿಗಳು, ಮುಂಬಯಿಯನ್ನೇ ಹಿನ್ನೆಲೆಯಾಗಿಟ್ಟುಕೊಂಡ 'ಡರ್ಟಿ ಲವ್' ಎಂಬ ಕಥಾ ಸಂಕಲನ. 2012ರಲ್ಲಿ ಅವರು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿರುವ ಕೆಂಟ್ ವಿಶ್ವವಿದ್ಯಾಲಯದಲ್ಲಿ ಆಹ್ವಾನಿತ ಲೇಖಕಿಯಾಗಿದ್ದರು. 2015ರಲ್ಲಿ 'ಸ್ಪೇಸ್ ಗಲಿವರ್' ಎಂಬ ಕವನಗುಚ್ಛ ಹೊರಬಂತು. ಅದರ ನಾಯಕಿ ಭೂಮಿಗೆ ಬಂದ ಅನ್ಯಗ್ರಹದವಳು. ಪಟ್ಟಿಯನ್ನು ಇಲ್ಲಿಗೇ ಬಿಡೋಣ. ಥಾಣೆ, ಕಲ್ಯಾಣದಂಥ ಊರುಗಳ ಓದುಗರು ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕ ಬೇರೆಯೇ ಇದೆ.

ಅದು 2018ರ 'ಓವರ್ ಆಂಡ್ ಅಂಡರ್ ಗ್ರೌಂಡ್ ಇನ್ ಮುಂಬೈ ಆಂಡ್ ಪ್ಯಾರಿಸ್'. ಪ್ಯಾರಿಸ್ಸಿನಲ್ಲಿ ನೆಲೆಸಿರುವ ಮಲಯಾಳಿ ಮೂಲದ ಕವಿ ಕಾರ್ತಿಕಾ ನಾಯರ್ ಅಲ್ಲಿನ ಮೆಟ್ರೋ ಕುರಿತು, ಸಂಪೂರ್ಣಾ ಇಲ್ಲಿನ ಲೋಕಲ್ ಕುರಿತು ಪದ್ಯ ಬರೆದು ಜೋಡಿಸಿದರು. ಗೋಂಡ್ ಕಲೆಯ ಪರಂಪರೆಯಿಂದ ಬಂದ ರೋಶ್ನಿ ವ್ಯಾಮ್ ಮತ್ತು ಫ್ರಾನ್ಸಿನ ಜೊಯೆಲ್ ಜೊಲಿವೆ ಚಿತ್ರ ಬರೆದರು. ಪ್ಯಾರಿಸ್ಸಿನ ಮೆಟ್ರೋ ಶುರುವಾದದ್ದು 1900ರಲ್ಲಿ. ನಮ್ಮ ಹಳಿ ಅದಕ್ಕಿಂತ ಹಳೆಯದು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಅದು ಕಲ್ಯಾಣಕ್ಕೆ ಮುಟ್ಟಿತು. ನಿತ್ಯ ಫಾಸ್ಟ್ ಲೋಕಲ್ ಹತ್ತುವವರು, ಫೋರ್ತ್ ಸೀಟಿನ ತುದಿಯಲ್ಲಿ ಕೂತು ಲೇಡೀಸ್ ಡಬ್ಬಾದಲ್ಲೇ ಸೊಪ್ಪು ಬಿಡಿಸಿಕೊಳ್ಳುವವರು ತಮ್ಮ ಪ್ರಯಾಣವನ್ನು ಕವಿತೆಗೆ ತಕ್ಕ ವಿಷಯ ಎಂದು ಎಣಿಸುವುದಿಲ್ಲ. ಪ್ಯಾರಿಸ್ಸಿನ ಜತೆ ಅಕ್ಕಪಕ್ಕ ಇಟ್ಟಾಗ ಅದು ಯಾವುದಕ್ಕೂ ಕಡಿಮೆಯಿಲ್ಲ ಎಂಬುದು ಕಾಣುತ್ತದೆ.

ಅದೇ ವರ್ಷ ಮುಂಬಯಿಯ ಪೊಯೆಟ್ರಿವಾಲಾ ಪ್ರಕಾಶನ ಮತ್ತೊಂದು ಜೋಡಿ ಪುಸ್ತಕ ತಂದಿತು. ಇದರಲ್ಲಿ ಸಂಪೂರ್ಣಾ ಅವರ ಜತೆಗಾರ ವೇಲ್ಸಿನ ಕವಿ ಐರಿಗ್ ಸಾಲ್ಸ್‌ಬರಿ. ಇಂಗ್ಲಿಷಿನಲ್ಲಿ ಅದರ ಹೆಸರು 'ಎಲ್ಸ್‌ವೇರ್ ವೇರ್ ಎಲ್ಸ್'. ಇನ್ನೊಂದೆಡೆ, ಇನ್ನೆಲ್ಲಿ ಎಂದು ಅರ್ಥ ಹೇಳಬಹುದು. ವೆಲ್ಷ್ ಭಾಷೆಯಲ್ಲೂ ಅದಕ್ಕೆ ಸಮಾನವಾದ ಹೆಸರಿದೆ. ಭಾರತದ ಸ್ವಾತಂತ್ರ್ಯಕ್ಕೆ ಎಪ್ಪತ್ತು ತುಂಬಿದ 2017ರಲ್ಲಿ, ವೇಲ್ಸಿನ ಅಬರಿಸ್ಟ್ವಿತ್‌ನಲ್ಲಿರುವ 'ಲಿಟರೇಚರ್ ಅಕ್ರಾಸ್ ಫ್ರಾಂಟಿಯರ್ಸ್' ಸಂಸ್ಥೆ ಎರಡೂ ಕಡೆಯ ಕವಿಗಳನ್ನು ಒಟ್ಟುಗೂಡಿಸಿ, ಒಬ್ಬರ ನಾಡಿಗೆ ಇನ್ನೊಬ್ಬರನ್ನು ಕರೆದೊಯ್ದ ಯೋಜನೆಯ ಫಲ ಅದು. ಮಲಯಾಳಂ ಕವಿ ಅನಿತಾ ತಂಬಿ ಅವರೂ ವೇಲ್ಸಿನ ಶಾನ್ ಮೆಲಾಂಗೆಲ್ ದಾವಿದ್ ಅವರೂ ಇದೇ ಯೋಜನೆಯಲ್ಲಿ ಜೋಡಿಯಾಗಿ ಬರೆದರು.

ವೇಲ್ಸ್ ಎಂದರೆ ಎಷ್ಟು ದೊಡ್ಡದು? ಅಲ್ಲಿನ ಒಟ್ಟು ಜನಸಂಖ್ಯೆ ಸುಮಾರು 31 ಲಕ್ಷ. ಪಾಲ್ಘರ್ ಬೇರೆಯಾಗುವ ಮೊದಲಿನ ಥಾಣೆ ಜಿಲ್ಲೆಯದು 2011ರಲ್ಲೇ ಒಂದು ಕೋಟಿ ಹತ್ತು ಲಕ್ಷ. ಆ 31 ಲಕ್ಷದಲ್ಲಿ ವೆಲ್ಷ್ ಬಲ್ಲವರು 2021ರ ಜನಗಣತಿಯ ಪ್ರಕಾರ ಶೇಕಡಾ 17.8, ಅಂದರೆ ಐದು ಲಕ್ಷದ ನಲವತ್ತು ಸಾವಿರದ ಆಸುಪಾಸು. ಪಕ್ಕದಲ್ಲೇ ಇಂಗ್ಲಿಷ್ ಇದೆ, ಮನೆಯೊಳಗೂ ಇದೆ. ಆದರೂ ಆ ಭಾಷೆಯಲ್ಲಿ ಕವಿಗೆ ಸಿಗುವ ಮರ್ಯಾದೆ ಬೆರಗು ಹುಟ್ಟಿಸುತ್ತದೆ. ಐಸ್ತೆದ್ವೊದ್ ಎಂಬ ಅವರ ರಾಷ್ಟ್ರೀಯ ಸಾಹಿತ್ಯೋತ್ಸವದಲ್ಲಿ ಕಟ್ಟುನಿಟ್ಟಿನ ಛಂದಸ್ಸಿನಲ್ಲಿ ಬರೆದು ಗೆದ್ದ ಕವಿಗೆ ಸಾವಿರಾರು ಜನರ ಎದುರು ಹೊಸದಾಗಿ ಕೆತ್ತಿಸಿದ ಪೀಠವನ್ನು ಕೊಡುತ್ತಾರೆ. 1917ರಲ್ಲಿ ಗೆದ್ದ ಹೆದ್ ವಿನ್ ಎಂಬ ಕುರಿಗಾಹಿ ಕವಿ ಕೆಲವು ವಾರಗಳ ಮೊದಲೇ ಯುದ್ಧಭೂಮಿಯಲ್ಲಿ ಸತ್ತಿದ್ದ. ಅವನ ಪೀಠಕ್ಕೆ ಕಪ್ಪು ಬಟ್ಟೆ ಹೊದಿಸಿದರು. ನೂರು ವರ್ಷ ಕಳೆದರೂ ವೇಲ್ಸ್ ಅದನ್ನು ಮರೆತಿಲ್ಲ.

1983ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿದ ಐರಿಗ್ ಬೆಳೆದದ್ದು ಈ ಪರಂಪರೆಯಲ್ಲಿ. 2006ರಲ್ಲಿ ಯುವಜನರ ಐಸ್ತೆದ್ವೊದ್‌ನಲ್ಲಿ ಪೀಠ ಗೆದ್ದರು. 2011ರಿಂದ ಎರಡು ವರ್ಷ ವೇಲ್ಸಿನ ಮಕ್ಕಳ ಕವಿ ಎಂಬ ಅಧಿಕೃತ ಗೌರವ ಹೊತ್ತು ಶಾಲೆಶಾಲೆಗೆ ಹೋಗಿ ಮಕ್ಕಳಿಂದ ಪದ್ಯ ಕಟ್ಟಿಸಿದರು. ಹದಿನೈದನೆಯ ಶತಮಾನದ ಗಿಟೋರ್ ಗ್ಲಿನ್ ಎಂಬ ಕವಿಯ ಕೃತಿಗಳನ್ನು ಸಂಪಾದಿಸಿ ಇಂಗ್ಲಿಷಿಗೂ ತಂದ ವಿದ್ವಾಂಸರ ತಂಡದಲ್ಲಿ ದುಡಿದರು. 2016ರಲ್ಲಿ ಒಂದು ಕಿರುಕಾದಂಬರಿಗೆ ಐಸ್ತೆದ್ವೊದ್‌ನ ಗದ್ಯ ಪದಕ ಬಂತು. ಅಬರಿಸ್ಟ್ವಿತ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಾರೆ. ಆನೈರಿನ್ ಕರಾಡೊಗ್ ಎಂಬ ಕವಿಮಿತ್ರರ ಜತೆ ಸೇರಿ ವೆಲ್ಷ್ ಕಾವ್ಯಕ್ಕೆಂದೇ ಪಾಡ್‌ಕಾಸ್ಟ್ ನಡೆಸುತ್ತಾರೆ.

ಅವರ ಕೈಯಲ್ಲಿರುವ ಛಂದಸ್ಸಿನ ಹೆಸರು ಕಂಗ್‌ಹಾನೆದ್. ಇದರ ಒಂದು ಬಗೆಯಲ್ಲಿ ಸಾಲಿನ ಮೊದಲರ್ಧದ ವ್ಯಂಜನಗಳು ಉತ್ತರಾರ್ಧದಲ್ಲಿ ಅದೇ ಅನುಕ್ರಮದಲ್ಲಿ ಮರಳಬೇಕು. ಒತ್ತು ಬೀಳುವ ಸ್ವರಗಳು ಬೇರೆಯಾಗಬೇಕು. ಕನ್ನಡದಲ್ಲಿ ಒಂದು ಒರಟು ಮಾದರಿ ಕಟ್ಟಿ ನೋಡಬಹುದು:

ಮರದ ನೆರಳು, ಮುರಿದ ನೀರೊಳು

ಮ, ರ, ದ, ನ, ರ, ಳ. ಅಲ್ಪವಿರಾಮದ ಆಚೆಗೂ ಅದೇ ಮ, ರ, ದ, ನ, ರ, ಳ. ಇಲ್ಲಿ ಬರಿ ವ್ಯಂಜನ ಕೂಡಿದೆ. ವೆಲ್ಷ್ ಕವಿ ಇದರ ಮೇಲೆ ಒತ್ತು ಬೀಳುವ ಜಾಗವನ್ನೂ ಹೊಂದಿಸಬೇಕು, ಸಾಲಿನ ಅಕ್ಷರಗಳ ಎಣಿಕೆ ತಪ್ಪಬಾರದು, ಅಂತ್ಯಪ್ರಾಸ ಕೂಡಬೇಕು, ಇಷ್ಟೆಲ್ಲ ಆಗಿ ಅರ್ಥವೂ ನೇರವಾಗಿರಬೇಕು. ಆರು ನೂರು ವರ್ಷಗಳಿಂದ ನಿಯಮ ಬದಲಾಗಿಲ್ಲ ಎನ್ನುವಷ್ಟು ಸ್ಥಿರವಾಗಿದೆ. ಇಂದಿನ ಹುಡುಗ ಹುಡುಗಿಯರೂ ಅದರಲ್ಲಿ ಫುಟ್‌ಬಾಲ್ ಕುರಿತು, ಮೊಬೈಲ್ ಕುರಿತು ಬರೆಯುತ್ತಾರೆ.

ಕನ್ನಡಿಗರಿಗೆ ಇದು ಪೂರ್ತಿ ಅಪರಿಚಿತವಲ್ಲ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸ ನಮ್ಮ ಕಾವ್ಯವನ್ನು ಸಾವಿರ ವರ್ಷ ಆಳಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಬಿಟ್ಟು ಬರೆದಾಗ ದೊಡ್ಡ ಗುಲ್ಲೇ ಎದ್ದಿತು. ಪೈಗಳೂ ಕವಿ ಮತ್ತು ಅನುವಾದಕ ಎರಡೂ ಆಗಿದ್ದವರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ಅವರ ಬಳಿಕ ಬಿ.ಎಂ.ಶ್ರೀ. 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದಾಗ ಹೊಸ ಲಯಗಳ ಬಾಗಿಲು ಅಗಲವಾಗಿ ತೆರೆಯಿತು. ಹೊಸಗನ್ನಡ ಕವಿತೆಯ ಮೊದಲ ಮುಖ್ಯ ಪುಸ್ತಕವೇ ಬಹುಪಾಲು ಅನುವಾದ! ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕವಿತೆ ಬರೆಯುತ್ತ, 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ದಾಟಿಸಿದರು. ಅನುವಾದ ಎರಡನೆಯ ದರ್ಜೆಯ ಕೆಲಸ, ಸ್ವಂತದ್ದು ಹೊಳೆಯದಾಗ ಮಾಡುವಂಥದ್ದು ಎಂಬ ಮಾತು ನಮ್ಮ ಸಾಹಿತ್ಯ ಕೂಟಗಳಲ್ಲಿ ಇನ್ನೂ ಕೇಳಿಬರುತ್ತದೆ. ಕನ್ನಡದ್ದೇ ಚರಿತ್ರೆ ಆ ಮಾತನ್ನು ಸುಳ್ಳು ಮಾಡಿದೆ.

ಥಾಣೆಯ ಕವಿಗೂ ವೇಲ್ಸಿನ ಕವಿಗೂ ನಡುವೆ ಇದ್ದ ಸೇತುವೆ ಇಂಗ್ಲಿಷ್. ಒಬ್ಬರಿಗೆ ಬಂಗಾಳಿ ತಿಳಿಯದು, ಇನ್ನೊಬ್ಬರಿಗೆ ವೆಲ್ಷ್ ತಿಳಿಯದು. ಇಂಥ ಜೋಡಿ ಕೆಲಸದಲ್ಲಿ ಸಾಮಾನ್ಯವಾಗಿ ಮೊದಲು ಪದಕ್ಕೆ ಪದದ ಅರ್ಥ ಬರೆದುಕೊಳ್ಳುತ್ತಾರೆ. ಆಮೇಲೆ ಮೂಲ ಕವಿಯ ಬಾಯಿಂದ ಪದ್ಯವನ್ನು ಮತ್ತೆ ಮತ್ತೆ ಓದಿಸಿ ಕೇಳುತ್ತಾರೆ. ಈ ಎರಡನೆಯ ಹಂತವೇ ನಿರ್ಣಾಯಕ. ಅರ್ಥ ಗೊತ್ತಿಲ್ಲದ ಕಿವಿಗೆ ಉಸಿರು ಎಲ್ಲಿ ತಿರುಗಿತು, ದನಿ ಎಲ್ಲಿ ತಡವರಿಸಿತು ಎಂಬುದು ಹೆಚ್ಚು ನಿಚ್ಚಳವಾಗಿ ಕೇಳುತ್ತದೆ. ಮಕ್ಕಳಿಗಾಗಿ ಬರೆದ ಅನುಭವ ಇಬ್ಬರಿಗೂ ಇದ್ದದ್ದು ಇಲ್ಲಿ ದೊಡ್ಡ ಬಲ. ಮಕ್ಕಳು ಪದ್ಯವನ್ನು ಮೊದಲು ಕಿವಿಯಿಂದಲೇ ಹಿಡಿಯುತ್ತಾರೆ ಎಂಬುದನ್ನು 'ತುತ್ತೂರಿ'ಯ ಜಿ.ಪಿ. ರಾಜರತ್ನಂ ಕೂಡ ಬಲ್ಲವರಾಗಿದ್ದರು.

ಪೊಯೆಟ್ರಿವಾಲಾ ಕುರಿತೂ ಒಂದು ಮಾತು ಹೇಳಬೇಕು. ಅದನ್ನು ಕಟ್ಟಿದವರು ಮರಾಠಿ ಕವಿ ಹೇಮಂತ್ ದಿವಟೆ. ಮರಾಠಿಯಲ್ಲಿ 'ಅಭಿಧಾನಂತರ್' ಎಂಬ ಕಾವ್ಯ ಪತ್ರಿಕೆಯನ್ನು ನಡೆಸಿದವರು. ಬಂಗಾಳಿ ಮನೆಮಾತಿನ ಇಂಗ್ಲಿಷ್ ಕವಿ, ವೆಲ್ಷ್ ಕವಿ, ಅವರಿಬ್ಬರ ಪುಸ್ತಕಕ್ಕೆ ಮರಾಠಿ ಪ್ರಕಾಶಕ: ಮುಂಬಯಿ ಮತ್ತದರ ಉಪನಗರಗಳ ಸಾಹಿತ್ಯ ನಡೆಯುವುದೇ ಹೀಗೆ. ಗೋಕರ್ಣದಿಂದ ಬಂದು ಮುಂಬಯಿಯಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ಕನ್ನಡ ಕಥೆಗಳನ್ನು ಸ್ವತಃ ಕವಿಯಾದ ತೇಜಸ್ವಿನಿ ನಿರಂಜನ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಇಂಗ್ಲಿಷಿಗೆ ತಂದು, 2018ರ ಡಿಎಸ್‌ಸಿ ಪ್ರಶಸ್ತಿಯನ್ನು ಲೇಖಕರ ಜತೆ ಹಂಚಿಕೊಂಡರು. ಅನುವಾದಿತ ಕೃತಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಇಲ್ಲಿನ ಚಾಳು, ಪ್ಲಾಟ್‌ಫಾರ್ಮುಗಳ ಬದುಕು ಕನ್ನಡದ ದಾರಿಯಾಗಿಯೇ ಜಗತ್ತಿಗೆ ತಲುಪಿತು.

ಸಂಪೂರ್ಣಾ ಅವರ ಅನುವಾದದ ಇನ್ನೊಂದು ದಾರಿ ಜಯ್ ಗೋಸ್ವಾಮಿಯವರ ಕಡೆಗೆ ಹೋಗುತ್ತದೆ. 1954ರಲ್ಲಿ ಹುಟ್ಟಿದ ಗೋಸ್ವಾಮಿ ಇಂದಿನ ಬಂಗಾಳಿಯ ದೊಡ್ಡ ಕವಿ. 2000ದಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಆಯ್ದ ಕವಿತೆಗಳ ಇಂಗ್ಲಿಷ್ ರೂಪ 2014ರಲ್ಲಿ ಬಂತು. 2021ರಲ್ಲಿ ಅವರ ಗದ್ಯಕವಿತೆಗಳ ಅನುವಾದ 'ಆಫ್ಟರ್ ಡೆತ್ ಕಮ್ಸ್ ವಾಟರ್' ಬಂತು. ಸುಕುಮಾರ ರಾಯರಲ್ಲಿ ಪ್ರಾಸವೇ ಜೀವಾಳ. ಗೋಸ್ವಾಮಿಯವರ ಗದ್ಯಕವಿತೆಯಲ್ಲಿ ಪ್ರಾಸವಿಲ್ಲ, ಸಾಲು ಮುರಿಯುವುದೂ ಇಲ್ಲ; ಓದುಗನನ್ನು ಮುಂದಕ್ಕೆ ಒಯ್ಯುವುದು ವಾಕ್ಯದ ಓಟ ಒಂದೇ. ಪ್ರಾಸವಿದ್ದಾಗ ಅನುವಾದಕ ಎಲ್ಲಿ ಸೋತ, ಎಲ್ಲಿ ಗೆದ್ದ ಎಂಬುದನ್ನು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು. ಅದಿಲ್ಲದಾಗ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಜವಾಬ್ದಾರಿ ಹೆಚ್ಚು. ಪ್ರಾಸ ಬಿಟ್ಟ ಗೋವಿಂದ ಪೈಗಳೂ ಲಯವನ್ನು ಬಿಟ್ಟಿರಲಿಲ್ಲ. ಹಾತಿಮಿಯ ಕುಣಿತಕ್ಕೆ ಪಳಗಿದ ಕಿವಿಯನ್ನೇ ಹಿಡಿದು ಸಂಪೂರ್ಣಾ ಈ ಗದ್ಯದ ಬಳಿಗೆ ಹೋದರು. 2023ರಲ್ಲಿ ಅವರ ಸ್ವಂತ ಕವಿತೆಗಳ ಹೊಸ ಸಂಕಲನ 'ಅನ್‌ಮ್ಯಾಪಬಲ್ ಮೂವ್ಸ್' ಹೊರಬಂತು.