ತಲೆಗೆ ಪೆಟ್ಟು ಬಿದ್ದ ಮೇಲೆ ಕೈ ನಡುಗುತ್ತಿದೆಯೇ? ನಡಿಗೆ ನಿಧಾನವಾಗಿದೆಯೇ?



ಹೃದಯದ ಡಾಕ್ಟರಿಗೆ ಮಿದುಳಿನ ವಿಷಯ ಏಕೆ ಎಂದು ಕೇಳಬಹುದು. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ನಮ್ಮ ಮನೆಗಳಲ್ಲಿ ಬಹಳ ಮಂದಿ. ಅಂಥವರಿಗೆ ತಲೆಯ ಸಣ್ಣ ಪೆಟ್ಟೂ ಸಣ್ಣದಲ್ಲ.

ಕಲ್ಯಾಣ್, ಡೊಂಬಿವಲಿ, ಠಾಣೆಯಲ್ಲಿರುವ ನಮಗೆ ಲೋಕಲ್ ರೈಲಿನ ನೂಕುನುಗ್ಗಲು ಗೊತ್ತೇ ಇದೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಜೀವಹಾನಿಯಾಯಿತು. ರೈಲಿರಲಿ, ಬೈಕಿರಲಿ, ತಲೆಗೆ ಏಟು ಬಿದ್ದು ಬದುಕಿ ಮನೆಗೆ ಬಂದವರ ಮೇಲೂ ಕೆಲವು ತಿಂಗಳು ಕಣ್ಣಿಡಬೇಕು.

ಏಕೆ?

1. ಮಿದುಳಿನ ಆಳದಲ್ಲಿ ನಮ್ಮ ಚಲನೆಯನ್ನು ಹದದಲ್ಲಿಡುವ ಭಾಗಗಳಿವೆ. ಜೋರಾದ ಪೆಟ್ಟಿಗೆ ಅಲ್ಲಿನ ನರತಂತುಗಳು ಜಗ್ಗಿ ಹಾಳಾಗುತ್ತವೆ. ನಡುಕ ಸಾಮಾನ್ಯವಾಗಿ ವಾರಗಳು, ತಿಂಗಳುಗಳ ನಂತರ ಶುರುವಾಗುತ್ತದೆ. ಕೈ ಅಥವಾ ಕುತ್ತಿಗೆ ತಾನಾಗಿ ತಿರುಚಿಕೊಳ್ಳುವ ಡಿಸ್ಟೋನಿಯಾ ವರ್ಷಗಳ ಮೇಲೂ ಬರಬಹುದು.

2. ಬಾತ್‌ರೂಮಿನಲ್ಲಿ ಜಾರಿ ಬಿದ್ದ ಹಿರಿಯರಲ್ಲಿ ಮಿದುಳಿನ ಹೊರಪದರದ ಕೆಳಗೆ ರಕ್ತ ನಿಧಾನವಾಗಿ ಸೇರಿಕೊಳ್ಳಬಹುದು. ಮೊದಲ ದಿನದ ಸಿಟಿ ಸ್ಕ್ಯಾನ್ ನಾರ್ಮಲ್ ಇದ್ದರೂ ಕೆಲವು ವಾರಗಳಲ್ಲಿ ಹೆಜ್ಜೆ ಎಳೆಯುವುದು, ಮರೆವು, ಮಂಕು ಕಾಣಿಸುತ್ತವೆ. "ವಯಸ್ಸಾಯ್ತು, ಅಷ್ಟೇ" ಎಂದು ಬಿಡಬೇಡಿ. ಆ ರಕ್ತ ತೆಗೆದರೆ ಅನೇಕರು ಚೇತರಿಸಿಕೊಳ್ಳುತ್ತಾರೆ.

3. ವಾಂತಿ, ಫಿಟ್ಸ್ ಅಥವಾ ಮಾನಸಿಕ ತೊಂದರೆಗೆ ಕೊಟ್ಟ ಕೆಲವು ಮಾತ್ರೆಗಳಿಂದಲೂ ನಡುಕ ಬರುತ್ತದೆ.

ಏನು ಮಾಡಬೇಕು?

✅ ನರರೋಗ ತಜ್ಞರಿಗೆ ಹಳೆಯ ಪೆಟ್ಟಿನ ವಿಷಯವನ್ನು ತಪ್ಪದೆ ಹೇಳಿ. ಕೇಳದಿದ್ದರೂ ಹೇಳಿ.
✅ ನಡುಕವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.
✅ ಎಲ್ಲ ಮಾತ್ರೆಗಳ ಚೀಟಿ, ಹಳೆಯ ಸ್ಕ್ಯಾನ್ ಜೊತೆಗಿರಲಿ.
❌ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋಗಬಹುದು. ಆದರೆ ತಲೆಗೆ ಪೆಟ್ಟು ಬಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.
❌ ಪಕ್ಕದ ಮನೆಯವರ ನಡುಕದ ಮಾತ್ರೆ ಬೇಡ. ಪ್ರೊಪ್ರನಾಲಾಲ್ ಒಳ್ಳೆಯ ಔಷಧಿಯೇ, ಆದರೆ ಆಸ್ತಮಾ ಇದ್ದವರಿಗೆ, ನಾಡಿ ನಿಧಾನ ಇರುವವರಿಗೆ ಅಪಾಯ.

ಸಣ್ಣ ನಡುಕ ಎಷ್ಟೋ ಸಲ ತಾನಾಗಿ ಕಡಿಮೆಯಾಗುತ್ತದೆ. ಉಳಿದವರಿಗೆ ಮಾತ್ರೆ, ವ್ಯಾಯಾಮ ಚಿಕಿತ್ಸೆ, ಡಿಸ್ಟೋನಿಯಾಕ್ಕೆ ಬೊಟುಲಿನಮ್ ಇಂಜೆಕ್ಷನ್ ಇವೆ. ಪರೇಲಿನ ಕೆಇಎಂ, ಸಯನ್ ಆಸ್ಪತ್ರೆಗಳಲ್ಲಿ ನರರೋಗ ವಿಭಾಗವಿದೆ.

ವಿಪರೀತ ನಿದ್ದೆ, ಪದೇ ಪದೇ ವಾಂತಿ, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಊರಲ್ಲಿರುವ ಅಪ್ಪ ಅಮ್ಮನಿಗೂ ಇದನ್ನು ಓದಿ ಹೇಳಿ. 🙏