ಇಲಿಗೆ ಒಗ್ಗಿದ ಮದ್ದು ನಮಗೂ ಒಗ್ಗೀತೇ?

ಕ್ಷಯಕ್ಕೋ ಮೂರ್ಛೆರೋಗಕ್ಕೋ ಮಾತ್ರೆ ಬರೆದುಕೊಟ್ಟ ವೈದ್ಯರು ಜತೆಯಲ್ಲೇ ‘ಎಸ್‌ಜಿಪಿಟಿ ಮಾಡಿಸಿಕೊಂಡು ಬನ್ನಿ’ ಎಂದು ಚೀಟಿ ಕೊಟ್ಟರೆ ಅನೇಕರಿಗೆ ಗಾಬರಿಯಾಗುತ್ತದೆ. ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ ನಂತರವೇ ಅಂಗಡಿಗೆ ಬಂದ ಔಷಧವಲ್ಲವೇ, ಮತ್ತೆ ನನ್ನ ರಕ್ತವನ್ನೇಕೆ ಪರೀಕ್ಷಿಸಬೇಕು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ.

ನುಂಗಿದ ಔಷಧ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಹೋಗುವುದು ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಅಂಗಕ್ಕೆ. ಅದನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಕೆಲವೊಮ್ಮೆ ಯಕೃತ್ತಿಗೇ ಪೆಟ್ಟು ಬೀಳುತ್ತದೆ. ಅದರ ಜೀವಕೋಶಗಳೊಳಗೆ ಇರಬೇಕಾದ ಕೆಲವು ಕಿಣ್ವಗಳು ಆಗ ತೂತು ಬಿದ್ದ ಚೀಲದಿಂದ ಅಕ್ಕಿ ಉದುರಿದಂತೆ ರಕ್ತಕ್ಕೆ ಸೋರುತ್ತವೆ. ಎಸ್‌ಜಿಪಿಟಿ ಅಂಥದೊಂದು ಕಿಣ್ವ. ಇದರ ಈಚಿನ ಹೆಸರು ಎಎಲ್‌ಟಿ. ರಕ್ತದಲ್ಲಿ ಇದರ ಮಟ್ಟ ಏರಿದರೆ ಯಕೃತ್ತಿನಲ್ಲಿ ಏನೋ ನಡೆದಿದೆ ಎಂದು ಊಹಿಸಬಹುದು.

ಹೊಸ ಔಷಧವೊಂದನ್ನು ಮನುಷ್ಯರಿಗೆ ಕೊಡುವ ಮೊದಲು ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗಳಿಗೆ, ಒಂದು ಇಲಿ ಮತ್ತೊಂದು ಹೆಚ್ಚಾಗಿ ನಾಯಿ, ವಾರಗಟ್ಟಲೆ, ತಿಂಗಳುಗಟ್ಟಲೆ ಕೊಡುತ್ತಾರೆ. ಒಂದು ಗುಂಪಿಗೆ ಕಡಿಮೆ ಪ್ರಮಾಣ, ಇನ್ನೊಂದಕ್ಕೆ ಮಧ್ಯಮ, ಮತ್ತೊಂದಕ್ಕೆ ಬಹಳ ಹೆಚ್ಚು. ನಾಲ್ಕನೆಯ ಗುಂಪಿಗೆ ಔಷಧವೇ ಇಲ್ಲ. ನಡುವೆ ರಕ್ತ ತೆಗೆದು ಎಎಲ್‌ಟಿ, ಎಎಸ್‌ಟಿ, ಎಎಲ್‌ಪಿ ಮತ್ತು ಬಿಲಿರುಬಿನ್ ಅಳೆಯುತ್ತಾರೆ. ಕೊನೆಗೆ ಯಕೃತ್ತನ್ನು ತೂಗಿ, ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತದ ಅಂಕಿ ಮತ್ತು ಸೂಕ್ಷ್ಮದರ್ಶಕದ ಚಿತ್ರ ಎರಡೂ ಒಂದೇ ಕಥೆ ಹೇಳಬೇಕು.

ಅಂಕಿಯನ್ನು ಓದುವುದು ಮಾತ್ರ ಸುಲಭವಲ್ಲ. ಎಎಸ್‌ಟಿ ಸ್ನಾಯುಗಳಲ್ಲೂ ಇದೆ, ಕೆಂಪು ರಕ್ತಕಣಗಳಲ್ಲೂ ಇದೆ. ರಕ್ತ ತೆಗೆಯುವಾಗ ಕಣಗಳು ಒಡೆದರೂ ಅದು ಏರುತ್ತದೆ. ಚಿಕ್ಕ ಇಲಿಯನ್ನು ಬಾಲ ಹಿಡಿದು ಎತ್ತುವ ಬದಲು ಮೈ ಅಮುಕಿ ಹಿಡಿದರೆ ಅದರ ಎಎಲ್‌ಟಿ ಕೂಡ ಹೆಚ್ಚಿ ಕಾಣುವುದುಂಟು! ಇನ್ನು ಹಸು, ಕುದುರೆಗಳ ಯಕೃತ್ತಿನಲ್ಲಿ ಎಎಲ್‌ಟಿ ತೀರಾ ಕಡಿಮೆ. ಆದ್ದರಿಂದ ಕೊಟ್ಟಿಗೆಯ ಹಸುವಿನ ಯಕೃತ್ತು ಕೆಟ್ಟಿದೆಯೇ ಎಂದು ತಿಳಿಯಲು ಪಶುವೈದ್ಯರು ಬೇರೆ ಕಿಣ್ವಗಳನ್ನು ನೋಡುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮೋಸ ಹೋಗುವುದುಂಟು. ಫಿಯಾಲ್ಯುರಿಡಿನ್ ಎಂಬ ಔಷಧದ ಕಥೆ ಇದಕ್ಕೆ ಸಾಕ್ಷಿ. ಹೆಪಟೈಟಿಸ್ ಬಿ ರೋಗಕ್ಕೆ ಮದ್ದಾದೀತೆಂದು ಇದನ್ನು ಇಲಿ, ನಾಯಿ, ಮಂಗಗಳಿಗೆ ಕೊಟ್ಟು ನೋಡಿದ್ದರು. ಯಕೃತ್ತು ಕುಸಿಯುವ ಸೂಚನೆ ಇರಲಿಲ್ಲ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 15 ಮಂದಿ ರೋಗಿಗಳಿಗೆ ಕೊಡಲಾರಂಭಿಸಿದರು. ಮೊದಲ ವಾರಗಳು ಚೆನ್ನಾಗಿಯೇ ಕಳೆದವು. ಮೂರು ತಿಂಗಳು ತುಂಬುವ ಹೊತ್ತಿಗೆ ಒಬ್ಬರ ಯಕೃತ್ತು ಕುಸಿಯಿತು. ತಕ್ಷಣ ಔಷಧ ನಿಲ್ಲಿಸಿದರು. ಆದರೂ ಹಾನಿ ನಿಲ್ಲಲಿಲ್ಲ. ಒಟ್ಟು ಏಳು ಮಂದಿಗೆ ತೀವ್ರ ತೊಂದರೆಯಾಗಿ, ಐವರು ತೀರಿಕೊಂಡರು. ಬದಲಿ ಯಕೃತ್ತು ಜೋಡಿಸಿದ್ದರಿಂದ ಇಬ್ಬರು ಉಳಿದರು.

ಕಾರಣ ತಿಳಿಯಲು ವರ್ಷಗಳೇ ಹಿಡಿದವು. ನಮ್ಮ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಎಂಬ ಕಣಗಳ ಗೋಡೆಯಲ್ಲಿ ಈ ಔಷಧವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೊಂದಿದೆ. ಇಲಿಯ ಮೈಟೊಕಾಂಡ್ರಿಯಕ್ಕೆ ಆ ಬಾಗಿಲಿಲ್ಲ. ಇಲಿ ಬದುಕಿತು, ಮನುಷ್ಯ ಸತ್ತ. ಈ ಬಗೆಯ ಹಾನಿಯಲ್ಲಿ ಕೋಶ ಒಡೆಯುವ ಮೊದಲೇ ಶಕ್ತಿಯಿಲ್ಲದೆ ಸೊರಗುವುದರಿಂದ ಎಎಲ್‌ಟಿ ಅಷ್ಟಾಗಿ ಏರುವುದೂ ಇಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನುಷ್ಯನ ಯಕೃತ್ತಿನ ಕೋಶಗಳನ್ನು ಬೆಳೆಸಿದ್ದ ಇಲಿಗಳಿಗೆ ಇದೇ ಔಷಧ ಕೊಟ್ಟಾಗ ಅಪಾಯ ಸ್ಪಷ್ಟವಾಗಿ ಕಂಡಿತು. ಇಂಥ ಹೊಸ ವಿಧಾನಗಳಿಗೆ ಭಾರತದ ಔಷಧ ನಿಯಮಗಳಲ್ಲೂ 2023ರಲ್ಲಿ ಅವಕಾಶ ಮಾಡಿಕೊಡಲಾಗಿದೆ.

ಹಾಗೆಂದು ಪ್ರಾಣಿ ಪರೀಕ್ಷೆ ನಿರರ್ಥಕವೆಂದು ತಿಳಿಯಬೇಡಿ. ಯಕೃತ್ತಿಗೆ ನೇರವಾಗಿ ವಿಷವಾಗುವ ಎಷ್ಟೋ ವಸ್ತುಗಳು ಈ ಹಂತದಲ್ಲೇ ಸಿಕ್ಕಿಬಿದ್ದು ನಮ್ಮವರೆಗೆ ಬರುವುದೇ ಇಲ್ಲ. ಸಿಗದೆ ನುಸುಳುವುದು ಅಪರೂಪದ ಅಡ್ಡಪರಿಣಾಮ. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವ ತೊಂದರೆ ಕೆಲವು ಡಜನ್ ಇಲಿಗಳಲ್ಲಿ ಹೇಗೆ ಕಂಡೀತು? ಅದೂ ಪ್ರಯೋಗಾಲಯದ ಇಲಿಗಳೆಲ್ಲ ಒಂದೇ ವಂಶದವು, ಒಂದೇ ಆಹಾರ ತಿಂದವು, ಆರೋಗ್ಯವಂತ ಎಳೆಯವು. ನಮ್ಮಲ್ಲೋ ಮದ್ಯ ಕುಡಿಯುವವರಿದ್ದಾರೆ, ಮಧುಮೇಹಿಗಳಿದ್ದಾರೆ, ಒಟ್ಟಿಗೆ ಐದಾರು ಮಾತ್ರೆ ನುಂಗುವ ವೃದ್ಧರಿದ್ದಾರೆ. ವೈದ್ಯರು ನಿಮ್ಮ ರಕ್ತ ಕೇಳುವುದು ಇದಕ್ಕೇ.

ವರದಿ ಕೈಗೆ ಬಂದಾಗ ಅದರಲ್ಲಿ ಎಸ್‌ಜಿಪಿಟಿ 40ರ ಬದಲು 60 ಎಂದಿದ್ದರೆ ನಿದ್ದೆಗೆಡಬೇಕಾಗಿಲ್ಲ. ಎಷ್ಟೋ ಬಾರಿ ಔಷಧ ಮುಂದುವರಿಸಿದರೂ ಅದು ತಾನಾಗಿ ಇಳಿಯುತ್ತದೆ. ಕ್ಷಯದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಇದು ಮೇಲಿನ ಮಿತಿಯ ಐದು ಪಟ್ಟು ಮೀರಿದರೆ, ಅಥವಾ ರೋಗಲಕ್ಷಣಗಳೊಂದಿಗೆ ಮೂರು ಪಟ್ಟು ಮೀರಿದರೆ ವೈದ್ಯರು ಮಾತ್ರೆ ನಿಲ್ಲಿಸುತ್ತಾರೆ. ಎಎಲ್‌ಟಿ ಮೂರು ಪಟ್ಟು, ಜತೆಗೆ ಬಿಲಿರುಬಿನ್ ಎರಡು ಪಟ್ಟು ಏರಿ ಕಾಮಾಲೆಯೂ ಕಾಣಿಸಿದರೆ ಅದು ನಿಜಕ್ಕೂ ಗಂಭೀರ. ಔಷಧದಿಂದಲೇ ಹೀಗಾಗಿದ್ದರೆ ಅಂಥ ಹತ್ತು ಮಂದಿಯಲ್ಲಿ ಸುಮಾರು ಒಬ್ಬರ ಪ್ರಾಣಕ್ಕೆ ಅಪಾಯವೆಂದು ಅಮೆರಿಕದ ಯಕೃತ್ ತಜ್ಞ ಹೈಮನ್ ಜಿಮ್ಮರ್‌ಮನ್ ಗುರುತಿಸಿದ್ದರು.

ಊಟ ಸೇರದಿರುವುದು, ವಾಕರಿಕೆ, ಬಲಪಕ್ಕೆಯಲ್ಲಿ ನೋವು, ಕಡು ಚಹಾದ ಬಣ್ಣದ ಮೂತ್ರ, ಹಳದಿ ಕಣ್ಣು – ಇವು ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಿ. ಮುಂದಿನ ಮಾತ್ರೆ ನುಂಗುವ ಮುನ್ನವೇ ಅವರನ್ನು ಕೇಳಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಯಾರೋ ಹೇಳಿದರೆಂದು ಕುಡಿಯುತ್ತಿರುವ ಕಷಾಯ, ನಾಟಿ ಔಷಧ, ಪುಡಿಗಳನ್ನೂ ಬರೆದುಕೊಳ್ಳಿ. ಇವುಗಳಲ್ಲಿ ಎಷ್ಟೋ ಇಲಿಯ ಪರೀಕ್ಷೆಯನ್ನೂ ದಾಟಿ ಬಂದವಲ್ಲ.